ಕಡಲದಾರಿಯಲ್ಲಿ ಬಂದ ಕುಟುಂಬಗಳು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪೂರ್ವಿಕರು ಗೋವೆಯಿಂದ ಕನ್ನಡ ಕರಾವಳಿಗೆ ಬಂದುದನ್ನು ನಾವು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಬಂದರು, ನೆಲೆಸಿದರು, ಇಗರ್ಜಿ ಕಟ್ಟಿದರು. ಏಕೆ ಬಂದರೆಂಬುದನ್ನು ಚರಿತ್ರೆಕಾರರು ವಿವರಿಸಿದ್ದಾರೆ: 1560ರಲ್ಲಿ ಗೋವೆಯಲ್ಲಿ ಆರಂಭವಾದ ಇಂಕ್ವಿಜಿಶನ್, ಕ್ಷಾಮ, 1683ರ ಸಂಭಾಜಿಯ ದಂಡಯಾತ್ರೆ, ಜೊತೆಗೆ ಕೆಳದಿಯ ಅರಸರ ಸೀಮೆಯಲ್ಲಿ ಸಾಗುವಳಿಗೆ ದೊರೆಯುತ್ತಿದ್ದ ಭೂಮಿ. ಆದರೆ ಹೇಗೆ ಬಂದರು? ಕೆಲವರು ನಡೆದು, ಹೊಳೆಹೊಳೆಗೂ ದೋಣಿ ಹಿಡಿದು ಬಂದರು. ಕೆಲವರು ಹಾಯಿಯ ಹಡಗಿನಲ್ಲಿ ಬಂದರು. ಈ ಎರಡನೆಯ ದಾರಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಕಡಲು ಹಾಯಿಗೆ ಮುಚ್ಚಿದ ಬಾಗಿಲು. ಮಿಕ್ಕ ತಿಂಗಳುಗಳಲ್ಲಿ ಇರುಳು ನೆಲ ತಣಿದಾಗ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ನಡುಹಗಲು ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ತೆಂಕಣಕ್ಕೆ ಬರುವವರಿಗೆ ಇದು ಬೆನ್ನಿನ ಗಾಳಿ. ಬಡಗಣಕ್ಕೆ ಮರಳುವವರಿಗೆ ಎದುರುಗಾಳಿ. ಅವರು ಇರುಳಿನ ನೆಲಗಾಳಿಯನ್ನೇ ನೆಚ್ಚಬೇಕು. ಬರುವುದು ಸುಲಭ, ಹಿಂದಿರುಗುವುದು ಕಷ್ಟ. ಹಡಗೇರಿದ ತಾಯಂದಿರಿಗೆ ಇದು ತಿಳಿದಿರದೆ ಇರಲಾರದು ಎಂದು ನನ್ನ ಎಣಿಕೆ.

ಪಣಜಿಯಿಂದ ಮಂಗಳೂರಿಗೆ ಕಡಲಮೇಲೆ ಸುಮಾರು 300 ಕಿಲೋಮೀಟರು. ಕಾರವಾರದ ಬಳಿಯ ಅಂಜುದೀವಿ, ಅಘನಾಶಿನಿ ಮತ್ತು ಶರಾವತಿಯ ಮುಖಗಳು, ಒಂಟಿಯಾಗಿ ನಿಂತ ನೇತ್ರಾಣಿಯ ಗುಡ್ಡ, ಗಂಗೊಳ್ಳಿಯ ಪಂಚಗಂಗಾವಳಿ, ಆಮೇಲೆ ಕಲ್ಯಾಣಪುರದ ಸುವರ್ಣಾ: ಕರೆಯನ್ನು ಕಣ್ಣಳತೆಯಲ್ಲಿಟ್ಟುಕೊಂಡು ಸಾಗುವ ತಂಡೇಲನಿಗೆ ಇವೇ ಗುರುತುಗಳು. ನಡುಗಡಲಿಗಿಂತ ಅಂಜಿಕೆ ಹೆಚ್ಚಿರುವುದು ಅಳಿವೆಯಲ್ಲಿ. ಹೊಳೆ ತಂದ ಮರಳು ಬಾಯಿಗೆ ಅಡ್ಡವಾಗಿ ಕೂತಿರುತ್ತದೆ, ಅದರ ಮೇಲೆ ತೆರೆ ಒಡೆಯುತ್ತದೆ. ಭರತ ಬರುವತನಕ ಹೊರಗೆ ಲಂಗರು ಹಾಕಿ ಕಾಯಬೇಕು. ಕೂಗಳತೆಯಲ್ಲಿ ತೆಂಗಿನ ತೋಟ, ಸಿಹಿನೀರು. ಇತ್ತ ವಾಂತಿಯಿಂದ ಸೋತ ಮಕ್ಕಳು, ಕೊಡದ ತಳಮುಟ್ಟಿದ ನೀರು. ಈ ಕೆಲವು ತಾಸುಗಳನ್ನು ಯಾವ ಚರಿತ್ರೆಯೂ ಲೆಕ್ಕಕ್ಕೆ ಹಿಡಿದಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ಕರಾವಳಿಯವರು ಬೇರೆ ರೀತಿಯಲ್ಲಿ ಓದುತ್ತಾರೆ. ಸಂತ ಪೌಲನ ಹಡಗೂ ಕ್ರೇತ ದ್ವೀಪದ ಕರೆಯನ್ನು ಹಿಡಿದೇ ಸಾಗಿತ್ತು. ಕಡಲಿನ ಕಾಲ ಮೀರಿತೆಂದು ಅವನು ಎಚ್ಚರಿಸಿದ. ಶತಾಧಿಪತಿ ಚುಕ್ಕಾಣಿಗನ ಮತ್ತು ಹಡಗಿನೊಡೆಯನ ಮಾತನ್ನೇ ನಂಬಿದ. ಹಡಗು ಒಡೆಯಿತು, 276 ಜನರೂ ಉಳಿದರು. ನಮ್ಮವರ ಹಡಗುಗಳಲ್ಲಿ ಎಷ್ಟು ಜನರಿದ್ದರು, ಎಷ್ಟು ಜನ ದಡ ಸೇರಿದರು ಎಂದು ಬರೆದಿಡಲು ಒಬ್ಬ ಲೂಕನಿರಲಿಲ್ಲ.

ಇಂದು ಶರಾವತಿಯನ್ನು ಎರಡು ಕಿಲೋಮೀಟರು ಮೀರಿದ ಸೇತುವೆಯ ಮೇಲೆ ರೈಲು ದಾಟುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಬಳಿಕ ಗೋವೆ ಕೆಲವು ತಾಸುಗಳ ದಾರಿ. ಆದರೆ ಮಂಗಳೂರಿನ ಹೆಂಚನ್ನು ಹೇರಿಕೊಂಡು ಹಾಯಿಯಲ್ಲಿ ಹೋಗುತ್ತಿದ್ದ ಮಂಜಿಗಳನ್ನು ಕಣ್ಣಾರೆ ಕಂಡ ಹಿರಿಯರು ಕರಾವಳಿಯಲ್ಲಿ ಇನ್ನೂ ಇದ್ದಾರೆ. ಹಾಯಿಯ ಕಟ್ಟುಗಳ ಹೆಸರು, ಗಾಳಿಗಳ ಹೆಸರು, ಅಳಿವೆ ದಾಟುವಾಗ ಹೇಳುತ್ತಿದ್ದ ಜಪ ಅವರ ನೆನಪಿನಲ್ಲಿವೆ. ಇಂದಿನ ಊಟದ ತರುವಾಯ ಯುವಕರು ಕಾಗದ, ಲೇಖನಿ ಹಿಡಿದು ಅಂಥವರ ಬಳಿ ಕುಳಿತುಕೊಳ್ಳಬೇಕೆಂದು ವಿನಂತಿ.