ಹಾಡು ಹಂಚುವವರೂ ಕೃತಿಸ್ವಾಮ್ಯದ ಕಾನೂನೂ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕಲಬುರಗಿ, ಬೀದರ್, ರಾಯಚೂರು ಮುಂತಾದ ಕಡೆಗಳಿಂದ ಉದ್ಯೋಗಕ್ಕೆಂದು ಬಂದು ನೆಲೆಸಿದ ಕನ್ನಡಿಗರು ಕಡಿಮೆಯೇನಿಲ್ಲ. ನವೆಂಬರ್ ತಿಂಗಳಲ್ಲಿ ಇಂಥವರು ವಸತಿ ಸಮುಚ್ಚಯದ ಸಭಾಂಗಣದಲ್ಲಿ ರಾಜ್ಯೋತ್ಸವ ಆಚರಿಸುತ್ತಾರೆ. ಮಕ್ಕಳು ಚಲನಚಿತ್ರಗೀತೆಗೆ ಕುಣಿಯುತ್ತಾರೆ. ಆ ದೃಶ್ಯ ಮೊಬೈಲ್ ದೂರವಾಣಿಯಲ್ಲಿ ಸೆರೆಯಾಗಿ ಅಂತರಜಾಲಕ್ಕೆ ಏರುತ್ತದೆ. ಕೆಲವು ದಿನಗಳಲ್ಲಿ ಹಾಡಿನ ಹಕ್ಕುದಾರರ ಆಕ್ಷೇಪಣೆ ಬರುವುದುಂಟು. ಹಾಡನ್ನು ಹಣಕ್ಕೆ ಮಾರದವರೂ ಅಪರಾಧಿಗಳಾಗುವರೇ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆ.

ಸಾಮಾನ್ಯ ಜನರನ್ನೇ ನ್ಯಾಯಾಲಯಕ್ಕೆ ಎಳೆದ ಅತ್ಯಂತ ದೊಡ್ಡ ಪ್ರಸಂಗ ನಡೆದದ್ದು ಅಮೆರಿಕದಲ್ಲಿ. 2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ಧ್ವನಿಮುದ್ರಣ ಸಂಸ್ಥೆಗಳು, ಅಂತರಜಾಲದಲ್ಲಿ ಹಾಡು ಹಂಚಿಕೊಂಡರೆಂದು ಒಂದೇ ಬಾರಿಗೆ 261 ಮಂದಿಯ ಮೇಲೆ ದಾವೆ ಹೂಡಿದವು. ಅವರಲ್ಲಿ ಹನ್ನೆರಡು ವರ್ಷದ ಬಾಲಕಿಯೂ ಇದ್ದಳು. ಆಕೆಯ ತಾಯಿ 2,000 ಡಾಲರ್ ತೆತ್ತು ರಾಜಿಯಾಗಬೇಕಾಯಿತು. ಮಿನೆಸೋಟ ರಾಜ್ಯದ ಮಹಿಳೆಯೊಬ್ಬರಿಗೆ 24 ಹಾಡುಗಳಿಗಾಗಿ 2007ರಲ್ಲಿ 2,22,000 ಡಾಲರ್ ವಿಧಿಸಲಾಯಿತು. 2009ರ ಮರುವಿಚಾರಣೆಯಲ್ಲಿ ಆ ಮೊತ್ತ 19,20,000 ಡಾಲರಿಗೆ ಏರಿ, ಕೊನೆಗೆ 2012ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಮೊದಲಿನ ಮೊತ್ತಕ್ಕೇ ಬಂದು ನಿಂತಿತು. ಈ ಸಾಮೂಹಿಕ ದಾವೆಗಳನ್ನು ಸಂಸ್ಥೆಗಳು 2008ರಲ್ಲಿ ಕೈಬಿಟ್ಟವು. ಕೇಳುಗರ ಮೇಲೆಯೇ ದಾವೆ ಹೂಡಿ ಬೆಳೆದ ವ್ಯಾಪಾರ ಯಾವುದೂ ಇಲ್ಲವೆಂಬುದು ಆ ವೇಳೆಗೆ ಅವುಗಳಿಗೂ ಮನವರಿಕೆಯಾಗಿರಬೇಕು.

ಭಾರತದಲ್ಲಿ ಅಂಥ ಸಾಮೂಹಿಕ ದಾವೆಗಳು ನಡೆಯಲಿಲ್ಲ. ಇದಕ್ಕೆ ಕಾನೂನಿನ ಸ್ವರೂಪವೂ ಒಂದು ಕಾರಣ. ಅಮೆರಿಕದಲ್ಲಿ ನಷ್ಟವನ್ನು ರುಜುವಾತುಪಡಿಸದೆಯೇ ಕೃತಿಯೊಂದಕ್ಕೆ ಇಷ್ಟು ಡಾಲರ್ ಎಂದು ಪರಿಹಾರ ಕೇಳಬಹುದು. 1957ರ ನಮ್ಮ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಅಂಥ ನಿಗದಿತ ದರವಿಲ್ಲ. ಆದುದರಿಂದ ಇಲ್ಲಿನ ಸಂಸ್ಥೆಗಳ ಕಣ್ಣು ಬಿದ್ದದ್ದು ಜಾಲತಾಣಗಳ ಮೇಲೆ, ಮತ್ತು ಮೊಬೈಲ್ ಕಾರ್ಡುಗಳಿಗೆ ಹಾಡು ತುಂಬಿಕೊಡುವ ಬೀದಿಯಂಗಡಿಗಳ ಮೇಲೆ. 2012ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ಆದೇಶದಂತೆ ಹಾಡಿನ 104 ಜಾಲತಾಣಗಳನ್ನು ತಡೆಹಿಡಿಯಲಾಯಿತು. ಅದಕ್ಕೂ ಮೊದಲು, 2010ರ ಏಪ್ರಿಲಿನಲ್ಲಿ, ಟಿ-ಸೀರೀಸ್ ಸಂಸ್ಥೆಯ ದೂರಿನ ಮೇಲೆ ಬೆಂಗಳೂರು ಪೊಲೀಸರು ಗುರೂಜಿ ಎಂಬ ಶೋಧತಾಣದ ಮುಖ್ಯಸ್ಥರನ್ನು ಬಂಧಿಸಿದ್ದರು. ಹಾಡು ಎಲ್ಲಿದೆಯೆಂದು ತೋರಿಸಿಕೊಡುವುದೂ ಉಲ್ಲಂಘನೆಯೇ ಎಂಬುದು ಅಲ್ಲಿನ ವಿವಾದ.

ಕನ್ನಡ ನಾಡಿನ ಇನ್ನೊಂದು ಪ್ರಕರಣ 2022ರದು. ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆಯು, ಕೆಜಿಎಫ್ ಎರಡನೆಯ ಭಾಗದ ಹಾಡನ್ನು ಅನುಮತಿಯಿಲ್ಲದೆ ಪಾದಯಾತ್ರೆಯ ದೃಶ್ಯಗಳಿಗೆ ಬಳಸಲಾಗಿದೆಯೆಂದು ರಾಜಕೀಯ ಪಕ್ಷವೊಂದರ ವಿರುದ್ಧ ದೂರು ನೀಡಿತು. ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯವು ಪಕ್ಷದ ಟ್ವಿಟರ್ ಖಾತೆಗಳನ್ನೇ ತಡೆಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಉಚ್ಚ ನ್ಯಾಯಾಲಯವು, ವಿವಾದಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ, ಆ ಆದೇಶವನ್ನು ರದ್ದುಗೊಳಿಸಿತು. ಕೆಲವು ತುಣುಕುಗಳಿಗಾಗಿ ಇಡೀ ಖಾತೆಯ ಬಾಯಿ ಕಟ್ಟುವುದು ಮಿತಿಮೀರಿದ ಕ್ರಮವೆಂಬುದು ವಿಚಾರವಂತರಿಗೆ ತಿಳಿಯದ ಸಂಗತಿಯಲ್ಲ.

ಇಷ್ಟಾದರೂ ಜನಸಾಮಾನ್ಯರು ಉದಾಸೀನರಾಗಿರುವಂತಿಲ್ಲ. ಅಧಿನಿಯಮದ 63ನೆಯ ಪ್ರಕರಣದಂತೆ, ಅರಿತೂ ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ, 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ಜುಲ್ಮಾನೆ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ದೊರೆಯದ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ 20ರಂದು ತೀರ್ಪಿತ್ತಿದೆ. ಲಾಭದ ಉದ್ದೇಶವಿಲ್ಲದಿದ್ದಲ್ಲಿ ವಿಶೇಷ ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಶಿಕ್ಷೆಯನ್ನು ಇಳಿಸಬಹುದು; ಆದರೆ ಆ ರಿಯಾಯಿತಿ ದೊರೆಯುವುದು ವಿಚಾರಣೆ ಮುಗಿದ ಮೇಲೆ. ತೆಲಂಗಾಣ ಸರ್ಕಾರವು 2016ರಲ್ಲಿ ಬೌದ್ಧಿಕ ಸ್ವತ್ತಿನ ಅಪರಾಧಗಳಿಗೆಂದೇ ಪೊಲೀಸ್ ಘಟಕವೊಂದನ್ನು ರಚಿಸಿತು.

ಇನ್ನು ರಾಜ್ಯೋತ್ಸವದ ಮಾತು. ಪ್ರವೇಶ ಶುಲ್ಕವಿಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡುವುದಕ್ಕೂ, ಲಾಭೋದ್ದೇಶವಿಲ್ಲದ ಸಂಘದ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೂ 52ನೆಯ ಪ್ರಕರಣವು ವಿನಾಯಿತಿ ನೀಡಿದೆ. ಸ್ವಂತ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸುವುದಕ್ಕೂ ಅಡ್ಡಿಯಿಲ್ಲ. ಆದರೆ ಅದೇ ಹಾಡನ್ನು ಸರ್ವರಿಗೂ ದೊರೆಯುವಂತೆ ಅಂತರಜಾಲಕ್ಕೆ ಏರಿಸುವುದು ಬೇರೆಯೇ ಕೃತ್ಯ. ಸಭಾಂಗಣದ ವಿನಾಯಿತಿ ಅದಕ್ಕೆ ಅನ್ವಯಿಸದು.

ಹಳೆಯ ಹಾಡಿಗೆ ಹಕ್ಕಿಲ್ಲವೆಂಬ ನಂಬಿಕೆಯೂ ಅರ್ಧಸತ್ಯ. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ಹೀಗಾಗಿ 1964ರವರೆಗಿನ ಮುದ್ರಿಕೆಗಳ ಅವಧಿ 2025ರ ಜನವರಿ 1ರ ವೇಳೆಗೆ ತೀರಿದೆ. ಆದರೆ ಗೀತೆಯ ಸಾಹಿತ್ಯಕ್ಕೆ ಕವಿಯ ನಿಧನಾನಂತರ 60 ವರ್ಷ. ಚಿ. ಉದಯಶಂಕರ್ ನಿಧನರಾದದ್ದು 1993ರಲ್ಲಿ; ಅವರ ಗೀತೆಗಳ ಹಕ್ಕು 2053ರ ಅಂತ್ಯದವರೆಗೆ ಉಳಿಯುತ್ತದೆ. ಈ ಹಕ್ಕು ಕಂಪೆನಿಯ ಪೆಟ್ಟಿಗೆ ತುಂಬಲು ಮಾತ್ರವೆಂದು ಭಾವಿಸಬೇಕಾಗಿಲ್ಲ: 2012ರ ತಿದ್ದುಪಡಿಯ ತರುವಾಯ, ಚಿತ್ರಮಂದಿರದ ಪ್ರದರ್ಶನವೊಂದನ್ನುಳಿದು ಇತರ ಬಳಕೆಗಳ ಗೌರವಧನದಲ್ಲಿ ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲಿದೆ.

ಹಕ್ಕುದಾರರು ಲಿಖಿತ ದೂರಿತ್ತರೆ, ಕೃತಿಯನ್ನು ತಾತ್ಕಾಲಿಕವಾಗಿ ಸಂಗ್ರಹಿಸಿಟ್ಟ ತಾಣವು 36 ಗಂಟೆಗಳೊಳಗೆ ಅದರ ಲಭ್ಯತೆಯನ್ನು ನಿಲ್ಲಿಸಬೇಕು. ದೂರು ನೀಡಿದವರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಾರದಿದ್ದಲ್ಲಿ ತಾಣವು ಅದನ್ನು ಮತ್ತೆ ತೆರೆಯಬಹುದು. ಇಂಥ ಸೂಚನೆ ಕೈಸೇರಿದವರು ಅದರಲ್ಲಿ ಹಕ್ಕುದಾರರ ಹೆಸರು, ಕೃತಿಯ ವಿವರ, ದಿನಾಂಕ ಇವುಗಳಿವೆಯೇ ಎಂದು ಮೊದಲು ನೋಡಿ, ಪ್ರತಿಯನ್ನು ಕಾದಿರಿಸಿಕೊಂಡು, ಹಣ ಕಟ್ಟುವ ಮುನ್ನ ವಕೀಲರಿಗೆ ತೋರಿಸುವುದು ಉಚಿತ. ವಕೀಲರ ಶುಲ್ಕ ಭರಿಸಲಾರದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ದೊರೆಯುತ್ತದೆ.