ಮೆಮೊರಿಗೂ ಸುಣ್ಣ ಬಳಿಯಬೇಕು

ಬ್ಯಾಂಕ್ ಆ್ಯಪ್‌ನಲ್ಲಿ ಪಿನ್ ಒತ್ತಿ, ಹಣ ಕಳಿಸಿ, ಆ್ಯಪ್ ಮುಚ್ತೀರಿ. ಆಮೇಲೆ ಒಂದು ಗೇಮ್ ತೆರೀತೀರಿ. ಮೆಮೊರಿಯಲ್ಲಿ ಪಿನ್ ಇದ್ದ ಜಾಗವೇ ಈಗ ಗೇಮ್‌ಗೆ ಸಿಗಬಹುದು. ಹಾಗಾದ್ರೆ ಗೇಮ್ ನಿಮ್ಮ ಪಿನ್ ಓದಿಬಿಡುತ್ತಾ?

ಇಲ್ಲ. ಆಪರೇಟಿಂಗ್ ಸಿಸ್ಟಮ್ ಒಳ್ಳೆ ಮನೆ ಮಾಲೀಕನ ಹಾಗೆ. ಹಳೇ ಬಾಡಿಗೆದಾರ ಖಾಲಿ ಮಾಡಿದ ಮೇಲೆ ಸುಣ್ಣ ಬಳಿಸಿಯೇ ಹೊಸಬರಿಗೆ ಕೀಲಿ ಕೊಡೋದು. ಆಂಡ್ರಾಯ್ಡ್ ಒಳಗಿರೋದು ಲಿನಕ್ಸ್. ಅದು ಮೆಮೊರಿಯನ್ನು ಪೇಜ್ ಲೆಕ್ಕದಲ್ಲಿ ಹಂಚುತ್ತದೆ. ಸಾಮಾನ್ಯವಾಗಿ ಒಂದು ಪೇಜ್ ಅಂದ್ರೆ 4096 ಬೈಟ್. ಆ್ಯಪ್ ಜಾಗ ಕೇಳಿದಾಗ ಲಿನಕ್ಸ್ ಸುಮ್ನೆ ‘ಆಯ್ತು’ ಅನ್ನುತ್ತೆ. ಆ್ಯಪ್ ಅಲ್ಲಿ ಮೊದಲ ಸಲ ಬರೆಯಲು ಹೋದಾಗಷ್ಟೇ ಒಂದು ಪೇಜ್ ಹುಡುಕಿ, ಪೂರ್ತಿ ಸೊನ್ನೆ ತುಂಬಿ ಕೊಡುತ್ತದೆ. ವಿಂಡೋಸ್‌ನಲ್ಲಿ ಈ ಕೆಲಸಕ್ಕಂತಲೇ ಒಂದು ಥ್ರೆಡ್ ಇದೆ. ಅದರ ಆದ್ಯತೆ 0, ಅಂದ್ರೆ ಎಲ್ಲರಿಗಿಂತ ಕೊನೆ. ಕಂಪ್ಯೂಟರ್ ಬಿಡುವಾಗಿದ್ದಾಗ ಅದು ಖಾಲಿ ಪೇಜ್‌ಗಳನ್ನು ತೊಳೆದಿಡುತ್ತೆ.

ಆದರೆ ಮಾಲೀಕ ಸುಣ್ಣ ಬಳಿಯೋದು ಬಾಡಿಗೆದಾರ ಬದಲಾದಾಗ ಮಾತ್ರ. ನಿಮ್ಮ ಮನೆ ಒಳಗಿನ ಕಸ ನಿಮ್ಮದೇ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿ ಭಾಷೆಯಲ್ಲಿ ರಸೀದಿ ಮಾಡೋ ಪ್ರೋಗ್ರಾಮ್ ಬರೆದಿದ್ದೆ. ಒಂದೊಂದೇ ರಸೀದಿ ಹಾಕಿ ನೋಡಿದ್ದೆ, ಎಲ್ಲಾ ಸರಿ ಇತ್ತು. ಗಿರಾಕಿಗಳು ಸಾಲಾಗಿ ಬರೋಕೆ ಶುರುವಾದ ಮೇಲೆ, ನಂಬರ್ ಕೊಡದ ಒಬ್ಬರ ರಸೀದಿಯಲ್ಲಿ ಹಿಂದಿನವರ ಫೋನ್ ನಂಬರ್! ಎದೆ ಧಸಕ್ ಅಂತು.

ತಪ್ಪು ನನ್ನದೇ. ಫ್ರೀ ಮಾಡಿದ ಜಾಗ ಸಿಸ್ಟಮ್‌ಗೆ ವಾಪಸ್ ಹೋಗಿರಲಿಲ್ಲ, ನನ್ನ ಪ್ರೋಗ್ರಾಮ್ ಕೈಯಲ್ಲೇ ಇತ್ತು. ಮತ್ತೆ ಮ್ಯಾಲಕ್ ಕರೆದಾಗ ಅದೇ ಜಾಗ, ಹಳೇ ಬರಹದ ಸಮೇತ ಸಿಕ್ಕಿತು. ಮೊದಲ ರಸೀದಿಗೆ ಸಿಕ್ಕಿದ್ದು ಹೊಸ ಪೇಜ್, ಬರೀ ಸೊನ್ನೆ. ಅದಕ್ಕೇ ಪರೀಕ್ಷೆಯಲ್ಲಿ ಗೊತ್ತೇ ಆಗಲಿಲ್ಲ.

2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ನೆನಪಿದೆಯಾ? ಓಪನ್ ಎಸ್‌ಎಸ್‌ಎಲ್‌ನಲ್ಲಿದ್ದ ದೋಷ ಅದು. ಹೊರಗಿನವರು ಒಂದು ಸಲ ಕೇಳಿದರೆ ಸರ್ವರ್ ಪ್ರೋಗ್ರಾಮ್‌ನ 64 ಕಿಲೋಬೈಟ್‌ವರೆಗಿನ ಮೆಮೊರಿ ಸೋರಿಹೋಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಿತ್ತು. ಸಿಸ್ಟಮ್ ಬಳಿದ ಸುಣ್ಣ ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ಯಾಕಂದ್ರೆ ಸೋರಿದ್ದು ಮನೆಯೊಳಗಿಂದಲೇ.

ಹಾಗಾಗಿ ಕೋಡ್ ಬರೆಯೋ ಗೆಳೆಯರಿಗೆ ಒಂದೇ ಮಾತು: ಬೇರೆಯವರ ಗುಟ್ಟು ನಿಮ್ಮ ಪ್ರೋಗ್ರಾಮ್‌ಗೆ ಬಂದರೆ, ಕೆಲಸ ಮುಗಿದ ತಕ್ಷಣ ನೀವೇ ಅಳಿಸಿ. ಮಾಲೀಕ ಬರ್ತಾನೆ ಅಂತ ಕಾಯಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.