ಮುದ್ದತ್ತು ಮೀರಿದ ಮರುಪಾವತಿ



ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ‘ಮುದ್ದತ್ತು’ ಎಂಬ ಮಾತು ಇಂದಿಗೂ ಬಳಕೆಯಲ್ಲುಂಟು. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಗೆ ಉರ್ದು ಕಚೇರಿಗಳ ಮೂಲಕ ಬಂದ ಮಾತು ಅದು. ಮುದ್ದತ್ತು ತೀರಿದರೆ ಹಕ್ಕೂ ತೀರಿತೆಂದು ನಮ್ಮ ಜನರ ಎಣಿಕೆ. ಆದಾಯ ತೆರಿಗೆಯ ಮರುಪಾವತಿಯಲ್ಲಿ ಈ ಎಣಿಕೆ ಪೂರ್ಣ ಸತ್ಯವಲ್ಲ.

ತೊಗರಿ ಬೆಳೆಯುವವರಿಗೆ ಈ ತೆರಿಗೆಯ ಗೊಡವೆ ಏಕೆಂದು ಕೇಳಬಹುದು. ಬೆಳೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ದಿಟ. ಆದರೆ ಸೊನ್ನದ ಬ್ಯಾರೇಜಿಗೋ ಅಮರ್ಜಾ ಅಣೆಕಟ್ಟಿಗೋ ಜೇವರ್ಗಿಯ ಕಾಲುವೆಗೋ ಹೊಲ ಬಿಟ್ಟುಕೊಟ್ಟವರು ಪರಿಹಾರದ ಹಣವನ್ನು ಬ್ಯಾಂಕಿನಲ್ಲಿಟ್ಟರೆ, ಅದರ ಬಡ್ಡಿ ಬೆಳೆಯಲ್ಲ. ನಿವೃತ್ತ ಶಿಕ್ಷಕರ ಠೇವಣಿಗೂ ಇದೇ ಮಾತು.

ಹಿರಿಯರೊಬ್ಬರಿಗೆ 2021-22ರಲ್ಲಿ 80,000 ರೂಪಾಯಿ ಬಡ್ಡಿ ಬಂದಿತೆನ್ನೋಣ; ತೆರಿಗೆಗೆ ಒಳಪಡುವ ಬೇರೆ ಆದಾಯವಿಲ್ಲ. 15-ಎಚ್ ನಮೂನೆ ಕೊಡದಿದ್ದರೆ ಬ್ಯಾಂಕು ನೂರಕ್ಕೆ ಹತ್ತರಂತೆ 8,000 ರೂಪಾಯಿಯನ್ನು ಮೂಲದಲ್ಲಿಯೇ ಮುರಿದುಕೊಳ್ಳುತ್ತಿತ್ತು. ಅಷ್ಟು ಹಣವೂ ಅವರದೇ. ಆದರೆ ಲೆಕ್ಕಪತ್ರ ಸಲ್ಲಿಸಿ ಕೇಳಬೇಕು. ವಿಳಂಬವಾಗಿ ಸಲ್ಲಿಸುವುದಕ್ಕೂ 2022ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಆ ವರ್ಷವೇ ಬಂದ ‘ನವೀಕೃತ ವಿವರ’ದ ದಾರಿಯೂ ಇವರಿಗೆ ಒದಗದು: ಅದರಲ್ಲಿ ಹೆಚ್ಚಿನ ತೆರಿಗೆ ಕಟ್ಟಬಹುದು, ಮರಳಿ ಪಡೆಯಲಾಗದು. ಕೊಡುವವನಿಗೆ ವರ್ಷಗಳ ಅವಕಾಶ, ಕೇಳುವವನಿಗೆ ತಿಂಗಳುಗಳದು! ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಕೂಡದೆನ್ನುವ ಸಂವಿಧಾನದ 265ನೆಯ ವಿಧಿಯ ಪಕ್ಕದಲ್ಲಿಟ್ಟು ನೋಡಿದರೆ ಈ ತಾರತಮ್ಯ ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೂ ಒಂದು ಬಾಗಿಲು ಉಳಿದಿದೆ. 1961ರ ಕಾಯ್ದೆಯ 119ನೆಯ ಕಲಮಿನಂತೆ ವಿಳಂಬವನ್ನು ಮನ್ನಿಸುವಂತೆ ಅರ್ಜಿ ಸಲ್ಲಿಸಬಹುದು. ‘ಮನ್ನಿಸು’ ಎಂಬುದಕ್ಕೆ ಗೌರವಿಸು ಎಂಬ ಅರ್ಥವೂ ಇದೆ. ಅರ್ಜಿಯನ್ನು ಓದುವ ಅಧಿಕಾರಿಗಳು ಎರಡನ್ನೂ ನೆನೆದರೆ ಒಳ್ಳೆಯದು. ಈ ಮನ್ನಣೆಗೆ 2015ರ ಸುತ್ತೋಲೆ ಆರು ವರ್ಷಗಳ ಮಿತಿ ಹಾಕಿತ್ತು. 2024ರ ಅಕ್ಟೋಬರ್ 1ರ ಸುತ್ತೋಲೆ ಅದನ್ನು ಐದಕ್ಕೆ ಇಳಿಸಿತು. ಎಣಿಕೆ ತೊಡಗುವುದು ಬಡ್ಡಿ ಬಂದ ವರ್ಷದಿಂದಲ್ಲ, ಅದರ ಮುಂದಿನದಾದ ತೆರಿಗೆ ನಿರ್ಧಾರದ ವರ್ಷ ಮುಗಿದ ಮೇಲೆ. ನಮ್ಮ ಹಿರಿಯರ ಲೆಕ್ಕದಲ್ಲಿ ಆ ವರ್ಷ ಮುಗಿದದ್ದು 2023ರ ಮಾರ್ಚ್ 31ಕ್ಕೆ. ಆದುದರಿಂದ ಅರ್ಜಿಯ ಮುದ್ದತ್ತು 2028ರ ಮಾರ್ಚ್ 31.

2025ರ ಫೆಬ್ರವರಿಯಲ್ಲಿ ಬಂದ ಹೊಸ ಮಸೂದೆಯು ಗಡುವಿನೊಳಗೆ ವಿವರ ಸಲ್ಲಿಸದವರಿಗೆ ಮರುಪಾವತಿಯೇ ಇಲ್ಲವೆನ್ನುವಂತಿತ್ತು. ಸಂಸತ್ತಿನ ಆಯ್ಕೆ ಸಮಿತಿ ಅದನ್ನು ತೆಗೆಯಲು ಹೇಳಿತು. ಆಗಸ್ಟ್‌ನಲ್ಲಿ ಕಾಯ್ದೆಯಾದಾಗ ಆ ಮಾತು ಉಳಿಯಲಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ.

ಒಂದು ಕೋಟಿಯವರೆಗಿನ ಕೇಳಿಕೆಯನ್ನು ತೀರ್ಮಾನಿಸುವವರು ಆಯುಕ್ತರು. ತಡವಾದುದಕ್ಕೆ ಕಾರಣ ಹೇಳಬೇಕು, ನಿಜವಾದ ಕಷ್ಟವನ್ನು ತೋರಿಸಬೇಕು. ಕಾಯಿಲೆಯಾಗಿದ್ದರೆ ಆಸ್ಪತ್ರೆಯ ಕಾಗದವನ್ನೂ, ಬ್ಯಾಂಕು ಮುರಿದುಕೊಂಡುದರ ಪತ್ರವನ್ನೂ ಜೊತೆಗಿಡುವುದು ಮೇಲು. ಠೇವಣಿಯಿಟ್ಟವರು ತೀರಿಕೊಂಡಿದ್ದರೆ ವಾರಸುದಾರರಾಗಿ ಅವರ ಹೆಂಡತಿ, ಮಕ್ಕಳೂ ಕೇಳಬಹುದು.